ಸೌನಾದ ನೆಲದಿಂದ ಹಿಡಿದ ದಾರ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಬರೆದರೂ ಸಾಲು ಬಲಕ್ಕೆ ಹೋದಂತೆ ಕೆಳಗಿಳಿಯುತ್ತದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಾದ್ದರಿಂದ ಪದಗಳೂ ನನ್ನ ಹತ್ತಿರ ಹೆಚ್ಚಿಲ್ಲ. ನಮ್ಮೂರಿನ ಸಮುದಾಯ ಭವನದ ಹೆಂಗಸರು ಊರಿನ ಒಬ್ಬೊಬ್ಬರ ಬಗ್ಗೆ ಬರೆಸಿ ಪುಸ್ತಕ ಮಾಡುತ್ತಿದ್ದಾರೆ. ಯಾರ ಬಗ್ಗೆ ಬರೀತೀಯ ಎಂದು ಕೇಳಿದಾಗ ನಾನು ಮೆಲ್ಲಗೆ ವಿಲ್ಯೊ ಮಾವ ಅಂದೆ. ಅವರಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಬೇಕಾಯಿತು.

ವಿಲ್ಯೊ ಮಾವ ಅಮ್ಮನ ಅಣ್ಣ. ವಯಸ್ಸಿದ್ದಷ್ಟು ದಿನ ಕಾಡಿನಲ್ಲಿ ಮರ ಕಡಿದವನು. ಮಾತು ಕಡಿಮೆ. ಫೋನ್ ಎತ್ತಿದರೆ "ಹಾಂ" ಅನ್ನುತ್ತಾನೆ, ಆಮೇಲೆ ಉಸಿರಾಟ ಮಾತ್ರ ಕೇಳಿಸುತ್ತದೆ. ನಮ್ಮ ಮನೆಗೆ ಬಂದರೆ ಕದ ತಟ್ಟುವುದಿಲ್ಲ. ಯಾರಾದರೂ ನೋಡುವವರೆಗೆ ಮೆಟ್ಟಿಲ ಹತ್ತಿರ ಟೋಪಿ ತಿರುಗಿಸುತ್ತಾ ನಿಂತಿರುತ್ತಾನೆ. ಕಾಫಿ ಕುಡಿಯುವಾಗ ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಅದರ ಮೂಲಕ ಕಾಫಿ ಹೀರುತ್ತಾನೆ. ಬಾಯಿ ತುಂಬಿದ್ದರೆ ಮಾತಾಡಬೇಕಾಗಿಲ್ಲವಲ್ಲ, ಅದಕ್ಕೇ ಅನ್ನುತ್ತಾಳೆ ಅಮ್ಮ.

ನಮ್ಮಲ್ಲಿ ಜಾಗ ಕೊಂಡವರು ಮೊದಲು ಕಟ್ಟುವುದು ಸೌನಾ. ಕಲ್ಲು ಕಾಯಿಸಿ, ನೀರೆರಚಿ, ಹಬೆಯಲ್ಲಿ ಬೆವರಿ ಮೀಯುವ ಪುಟ್ಟ ಕಟ್ಟಡ. ಮನೆ ಏಳುವವರೆಗೆ ಅದರಲ್ಲೇ ಉಳಿಯುತ್ತಾರೆ. ಮಾವನೂ ಹರೆಯದಲ್ಲಿ ಹಾಗೆಯೇ ಸರೋವರದ ದಡದಲ್ಲಿ ಸೌನಾ ಕಟ್ಟಿದ. ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು ಇಟ್ಟುಕೊಂಡ. ಆಮೇಲೆ ಮನೆ ಕಟ್ಟುವುದನ್ನು ಮರೆತೇಬಿಟ್ಟ. ಕೇಳಿದರೆ, "ನಾನೊಬ್ಬ. ನನಗೆಷ್ಟು ಜಾಗ ಬೇಕು?" ಅನ್ನುತ್ತಿದ್ದ. ಆದರೆ ಆ ಸೌನಾ ಇಡೀ ರಸ್ತೆಯಲ್ಲೇ ಒಳ್ಳೆಯದು. ಮರದ ದಿಮ್ಮಿಗಳ ನಡುವೆ ಚಾಕುವಿನ ಅಲಗೂ ತೂರುವುದಿಲ್ಲ. ಮಾವನಿಗೆ ಜಂಬ ಅಂತ ಏನಾದರೂ ಇದ್ದರೆ ಅದೊಂದೇ.

ಮನೆಯ ಮಾತು ಮತ್ತೆ ಹುಟ್ಟಿದ್ದು ತೈಮಿ ಅತ್ತೆಯಿಂದ. ಅವರು ನಮ್ಮ ರಸ್ತೆಯಲ್ಲೇ ಇರುವ ವಿಧವೆ. ಮಗ್ಗದಲ್ಲಿ ಹಳೆಬಟ್ಟೆಯ ಪಟ್ಟಿಗಳಿಂದ ನೆಲಹಾಸು ನೇಯುತ್ತಾರೆ. ಭವನದ ಕುಣಿತಕ್ಕೆ ಮಾವ ಹೋದರೆ ಅವರ ಜೊತೆಗೆ ಮಾತ್ರ ಕುಣಿಯುತ್ತಿದ್ದ. ಎಷ್ಟೋ ವರ್ಷ ಹೀಗೇ ಕುಣಿದ ಮೇಲೆ, ಕಳೆದ ಚಳಿಗಾಲ, ಕುಣಿಯುತ್ತಿರುವಾಗಲೇ ಮದುವೆಯಾಗ್ತೀಯಾ ಎಂದು ಕೇಳಿದನಂತೆ. ತೈಮಿ ಅತ್ತೆ ಕೊಟ್ಟ ಉತ್ತರ ಊರಿಗೆಲ್ಲಾ ಗೊತ್ತು.

"ಆಗ್ತೀನಿ. ಆದ್ರೆ ಸೌನಾದಲ್ಲಿ ಬಾಳುವೆ ಮಾಡಲ್ಲ. ನಮ್ಮನೆಯೋರು ಒಂದೇ ಒಂದು ಚಳಿಗಾಲ ಅಂತ ಸೌನಾಕ್ಕೆ ಕರ್ಕೊಂಡು ಹೋದ್ರು. ಮೂರು ಮಕ್ಕಳು ಆ ಬೆಂಚಿನ ಮೇಲೇ ನಡೆಯೋಕೆ ಕಲಿತ್ವು. ಮುಂದಿನ ಮೊದಲ ಹಿಮ ಬೀಳೋದ್ರೊಳಗೆ ಗೋಡೆ ನಿಲ್ಲಿಸು. ಇಲ್ಲಾಂದ್ರೆ ನಾನು ನನ್ನ ತಂಗಿ ಊರಿಗೆ ಹೋಗ್ತೀನಿ. ಅವಳು ಕೋಣೆ ಸಿದ್ಧ ಮಾಡಿಟ್ಟಿದ್ದಾಳೆ."

ಬೇಸಿಗೆಯಲ್ಲಿ ಮಾವ ಪಾಯ ತೋಡಿದ. ಬಾಡಿಗೆಗೆ ಮಿಕ್ಸರ್ ತಂದು ತಾನೇ ಕಾಂಕ್ರೀಟಿನ ಗೋಡೆ ಎರೆದ. ಸೆಪ್ಟೆಂಬರಿನ ಒಂದು ಶನಿವಾರ ಊರಿನ ಗಂಡಸರೆಲ್ಲಾ ಕೂಲಿಯಿಲ್ಲದೆ ಮುಯ್ಯಾಳಾಗಿ ಬಂದು ಒಂದೇ ದಿನದಲ್ಲಿ ಮರದ ಚೌಕಟ್ಟು ಎಬ್ಬಿಸುವುದೆಂದು ತೀರ್ಮಾನವಾಯಿತು.

ಆ ವಾರದ ಮೊದಲಲ್ಲಿ ಮಳೆ ಬಂತು. ಅಮ್ಮ ಕೊಟ್ಟ ಏಲಕ್ಕಿ ಬ್ರೆಡ್ಡು ಹಿಡಿದು ನಾನು ಅಲ್ಲಿಗೆ ಹೋದಾಗ ಮಳೆ ಆಗಷ್ಟೇ ನಿಂತಿತ್ತು. ಪಾಯದ ಗೋಡೆಯ ಮೇಲಿನ ನೀರು ಅಲ್ಲಲ್ಲೇ ನಿಂತಿರಲಿಲ್ಲ. ಮೇಲುಗಡೆಯ ಮೂಲೆಯಿಂದ ಸರೋವರದ ಮೂಲೆಗೆ ಸಾಲು ಹಿಡಿದು ಹೋಗಿ ತೊಟ್ಟಿಕ್ಕುತ್ತಿತ್ತು. ನಾನು ಬೆರಳು ಅಡ್ಡ ಇಟ್ಟು ನೋಡಿದೆ. ನೀರು ಬೆರಳನ್ನು ಸುತ್ತಿಕೊಂಡು ಮುಂದೆ ಹೋಯಿತು.

"ಮಾವ, ನೀರು ಓಡ್ತಿದೆ."

"ನೀರಂದ್ಮೇಲೆ ಓಡದೆ ಇರತ್ತಾ?"

"ಗೋಡೆ ಮೇಲೆ, ಮಾವ."

ಮಾವ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದ. ರಸಮಟ್ಟದ ಪಟ್ಟಿ ತಂದು ಇಟ್ಟ. ಗುಳ್ಳೆ ಒಂದು ಬದಿಗೆ ಸರಿಯಿತು. "ಇದು ಹಳೇದು, ಕೆಟ್ಟಿರಬೇಕು," ಅಂದು ಉದ್ದದ ಪಾರದರ್ಶಕ ಪೈಪು ತಂದು ನೀರು ತುಂಬಿದ. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಹಿಡಿದು ಮಾವ ಸರೋವರದ ಮೂಲೆಗೆ ಹೋದ. ನೀರು ಸುಳ್ಳು ಹೇಳುವುದಿಲ್ಲ. ಎರಡೂ ತುದಿಯಲ್ಲಿ ಒಂದೇ ಎತ್ತರಕ್ಕೆ ನಿಂತಿತು. ಆದರೆ ನನ್ನ ಕಡೆ ಅದು ಗೋಡೆಯ ತಲೆಗೆ ಸಮನಾಗಿತ್ತು. ಮಾವನ ಕಡೆ ಗೋಡೆ ನಾಲ್ಕು ಬೆರಳು ಕೆಳಗಿತ್ತು. ನೆಲವೇ ಸರೋವರದ ಕಡೆಗೆ ಇಳಿಜಾರಾಗಿದ್ದರಿಂದ ಕಣ್ಣಿಗೆ ತಿಳಿದಿರಲಿಲ್ಲ.

ಮಾವ ಪೈಪು ಕೆಳಗಿಟ್ಟು ಸೌನಾದೊಳಗೆ ಹೋದ. ನಾನೂ ಹಿಂದೆ ಹೋದೆ. ಒಂದು ಬಕೆಟ್ಟು ನೀರನ್ನು ಮೀಯುವ ಕೋಣೆಯ ನೆಲಕ್ಕೆ ಸುರಿದ. ನೀರು ಹರಡಿ, ಮೆಲ್ಲಗೆ ಒಂದೇ ಕಡೆಗೆ ಸರಿದು, ಮೂಲೆಯ ತೂತಿನಲ್ಲಿ ಗೊಳಗೊಳ ಅಂದಿತು. ಮಾವ ಬೆಂಚಿನ ಮೇಲೆ ಕೂತ.

"ಈ ಇಳಿಜಾರು ನಾನೇ ಮಾಡಿದ್ದು, ಐಲಿ. ನೀರು ಹೋಗ್ಲಿ ಅಂತ. ಎಷ್ಟು ಚೆನ್ನಾಗಿ ಮಾಡಿದೀನಿ ನೋಡು."

ಆಗಿದ್ದು ಇಷ್ಟೇ. ಸೌನಾಕ್ಕೆ ಮನೆ ಸಮನಾಗಿರಬೇಕೆಂದು ಮಾವ ಅದರ ನೆಲದ ಮೇಲೆ ಉದ್ದದ ಹಲಗೆ ಇಟ್ಟು, ಬಾಗಿಲಿನಿಂದ ಹೊರಕ್ಕೆ ದಾರ ಎಳೆದು, ಆ ದಾರಕ್ಕೆ ಸರಿಯಾಗಿ ಪಾಯದ ಅಚ್ಚಿನ ಹಲಗೆಗಳನ್ನು ನಿಲ್ಲಿಸಿದ್ದ. ಜಗತ್ತಿನಲ್ಲಿ ಅವನು ಪೂರಾ ನಂಬಿದ್ದು ಆ ಸೌನಾ ಒಂದನ್ನೇ.

ಸಂಜೆ ಬಡಗಿ ರೇನೊ ಮರದ ತೊಲೆ ನೋಡಲು ಬಂದರು. ಶನಿವಾರದ ಕೆಲಸಕ್ಕೆಲ್ಲಾ ಅವರೇ ಮುಂದಾಳು. ಪಾಯ ನೋಡಿ ಶಿಳ್ಳೆ ಹಾಕಿದರು.

"ಏನಯ್ಯಾ ವಿಲ್ಯೊ, ಮನೆ ಕಟ್ತಿದೀಯೋ ಜಾರುಬಂಡೆಯೋ? ಇರ್ಲಿ ಬಿಡು. ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಮಾಡಿ ತೊಲೆ ಸೀಳ್ತೀನಿ. ಚೌಕಟ್ಟಿನ ಕೆಳಗೆ ಇಟ್ರೆ ಮೇಲೆ ಮಟ್ಟ ಆಗತ್ತೆ. ಹೊರಗಿಂದ ಹಲಗೆ ಹೊಡೆದ್ಮೇಲೆ ತೈಮಿಗೇನು, ಪಾದ್ರಿಗೂ ಗೊತ್ತಾಗಲ್ಲ. ಶನಿವಾರ ಗೋಡೆ, ಭಾನುವಾರ ಮದುವೆ!"

ಮಾವ ಪಾಯಕ್ಕೆ ಒಂದು ಸುತ್ತು ಹಾಕಿ ಬಂದ. ಒಪ್ಪಿಬಿಡುತ್ತಾನೆ ಅಂದುಕೊಂಡೆ. ಒಪ್ಪಲಿ ಎಂದು ನನಗೂ ಆಸೆಯಿತ್ತು.

"ಮರ ಒಣಗಿದ್ರೆ ಕುಗ್ಗತ್ತೆ," ಅಂದ ಕೊನೆಗೆ. "ದಪ್ಪ ಇರೋ ಕಡೆ ಹೆಚ್ಚು ಕುಗ್ಗತ್ತೆ. ಎರಡು ವರ್ಷಕ್ಕೆ ಅವಳ ಅಡುಗೆಮನೆ ಬಾಗಿಲು ಮುಚ್ಚಲ್ಲ. ಕಾಂಕ್ರೀಟಿಂದ ಆದ ತಪ್ಪು, ಕಾಂಕ್ರೀಟಿಂದ್ಲೇ ತುಂಬಬೇಕು."

"ಹಾಗಾದ್ರೆ ಶನಿವಾರ ಆಗಲ್ಲ. ಹಿಮ ಬಂದ್ರೆ?"

ಮಾವ ಟೋಪಿ ಹಾಕಿಕೊಂಡ.

ಶನಿವಾರ ಬರಬೇಡಿ ಎಂದು ಮುಯ್ಯಾಳುಗಳಿಗೆ ತಾನೇ ಹೋಗಿ ಹೇಳುತ್ತೇನೆಂದ. ಕರೆದವನೇ ಬೇಡ ಅನ್ನಬೇಕು, ಇನ್ನೊಬ್ಬರ ಬಾಯಲ್ಲಿ ಹೇಳಿ ಕಳಿಸಬಾರದು, ನಮ್ಮಲ್ಲಿ ಹಾಗೆ. ಮಾವನಿಗೆ ಇಡೀ ಕಾಡು ಕಡಿ ಅಂದಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ. ಜೊತೆಗೆ ನನ್ನನ್ನು ಕರೆದ. ಮಾತಾಡಲು ನಾನು ಸಿಕ್ಕಿದ್ದು ನೋಡಿ! ಪ್ರತಿ ಮನೆಯ ಮುಂದೆಯೂ ಹೀಗೇ ಆಯಿತು.

"ನೀನು ತಟ್ಟು, ಐಲಿ."

"ನೀನು ತಟ್ಟು, ಮಾವ."

"ನೀನು ಚಿಕ್ಕವಳು."

"ಪಾಯ ನಿಂದು."

ಕದ ತೆರೆದವರು ಕಾಫಿ ಕುಡಿಸದೆ ಬಿಡುವುದಿಲ್ಲ. ಮೊದಲ ಬಟ್ಟಲು ಮುಗಿಯುವವರೆಗೆ ಮಾವ ಬಾಯಿಬಿಡುವುದಿಲ್ಲ. ಎರಡನೆಯ ಬಟ್ಟಲಿನಲ್ಲಿ ಸಕ್ಕರೆಯನ್ನು ಪಕ್ಕಕ್ಕೆ ಸರಿಸಿ, "ಪಾಯ ವಾರೆ ಆಗಿದೆ. ದಾರಾನ ಸೌನಾದ ನೆಲದಿಂದ ಹಿಡಿದೆ," ಅನ್ನುತ್ತಾನೆ. ಆಮೇಲೆ ಮನೆಯೆಲ್ಲಾ ನಗು. ಒಬ್ಬರು, "ಹೊಸ ಮನೆಯಲ್ಲಿ ನೆಲ ಒರೆಸೋದೇ ಬೇಡ, ಮೇಲೊಂದು ಬಕೆಟ್ ಸುರಿದ್ರೆ ಸಾಕು," ಅಂದರು. ಮಾವನ ಕಿವಿ ಕೆಂಪಾಯಿತು. ಆದರೂ ಮುಂದಿನ ಮನೆಯಲ್ಲೂ ಅದೇ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಮಳೆಯಿಂದ, ಸಿಮೆಂಟಿಂದ ಎಂದು ಎಲ್ಲೂ ಅನ್ನಲಿಲ್ಲ.

ಕೊನೆಗೆ ಉಳಿದದ್ದು ತೈಮಿ ಅತ್ತೆಯ ಮನೆ. ನಾವು ಮೆಟ್ಟಿಲ ಮೇಲೆ ಒಬ್ಬರನ್ನೊಬ್ಬರು ತಳ್ಳುತ್ತಿರುವಾಗಲೇ ಕದ ತೆರೆಯಿತು.

"ಏನು, ಕದ ತಟ್ಟೋಕೆ ಚೀಟಿ ಎತ್ತುತ್ತಿದ್ದೀರಾ? ಒಳಗೆ ಬನ್ನಿ."

ಅಲ್ಲಿ ಮಾವ ಕಾಫಿಗೂ ಕಾಯಲಿಲ್ಲ. ಕೂರಲೂ ಇಲ್ಲ.

"ಪಾಯ ವಾರೆ ಆಗಿದೆ, ತೈಮಿ. ದಾರಾನ ಸೌನಾದ ನೆಲದಿಂದ ಹಿಡಿದೆ."

"ನೀರು ಹೋಗೋ ನೆಲದಿಂದ?"

"ಹಾಂ."

ತೈಮಿ ಅತ್ತೆ ಮಗ್ಗದ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸೌನಾದಲ್ಲಿ ಇರಲ್ಲ ಅಂದೆ. ಅದಕ್ಕೆ ಮನೇನೇ ಸೌನಾ ಮಾಡ್ಬಿಟ್ಯಾ?" ಆಮೇಲೆ ಕಣ್ಣೊರೆಸಿಕೊಂಡು ಕಿಟಕಿಯ ಹೊರಗೆ ನೋಡಿದರು. ಬರ್ಚ್ ಮರಗಳ ಎಲೆ ಆಗಲೇ ಹಳದಿಯಾಗಿತ್ತು. "ಹಾಗಾದ್ರೆ ಶನಿವಾರ ಇಲ್ಲ."

"ಇಲ್ಲ. ಹೊಸ ಕಾಂಕ್ರೀಟು ಗಟ್ಟಿ ಆಗ್ಬೇಕು. ಅಕ್ಟೋಬರ್ ಆಗತ್ತೆ."

"ಅಷ್ಟರಲ್ಲಿ ಹಿಮ ಬಿದ್ರೆ?"

ಮಾವ ಟೋಪಿ ತಿರುಗಿಸಿದ. "ಬಿದ್ರೆ ನಿನ್ನ ಮಾತು ನಿಂದು. ಬದಲಾಯಿಸು ಅಂತ ನಾನು ಕೇಳಲ್ಲ."

ತೈಮಿ ಅತ್ತೆ ಒಲೆಯ ಕಡೆ ತಿರುಗಿದರು. ಕಾಫಿ ಬಸಿದು ಕೊಟ್ಟರು. ಹೊಟ್ಟೆಯಲ್ಲಿ ಆಗಲೇ ಇಡೀ ರಸ್ತೆಯ ಕಾಫಿ ಕುಲುಕುತ್ತಿತ್ತು. ಮಾವ ಅದನ್ನೂ ತಳ ಕಾಣುವವರೆಗೆ ಕುಡಿದ.

ಮರುದಿನದಿಂದ ಕೆಲಸ ಶುರುವಾಯಿತು. ಪೈಪಿನ ನೀರು ತೋರಿಸಿದ ಎತ್ತರಕ್ಕೆ ಸುತ್ತಲೂ ಗೆರೆ ಎಳೆದು, ಗೋಡೆಯ ಎರಡೂ ಬದಿಗೆ ಆ ಗೆರೆಗೆ ಸರಿಯಾಗಿ ಹಲಗೆ ಕಟ್ಟಿದ. ಕಾಂಕ್ರೀಟನ್ನು ಕಾಗದದಷ್ಟು ತೆಳ್ಳಗೆ ಎಳೆದರೆ ಅಂಚು ಚಕ್ಕೆಯೆದ್ದು ಹೋಗುತ್ತದಂತೆ. ಅದಕ್ಕೆ ಎತ್ತರದ ಬದಿಯಲ್ಲಿ ಉಳಿ ಹಿಡಿದು ಹಳೆಯದನ್ನು ಮೆಟ್ಟಿಲಿನಂತೆ ಕೆತ್ತಿ, ಹೊಸದಕ್ಕೆ ಅಲ್ಲೂ ದಪ್ಪ ಇರುವಂತೆ ಮಾಡಿದ. ಗೋಡೆಯ ಉಳಿದ ತಲೆಯನ್ನೆಲ್ಲಾ ಸುತ್ತಿಗೆಯಿಂದ ಒರಟು ಮಾಡಿ, ತಂತಿಯ ಬ್ರಷ್ಷಿನಿಂದ ತಿಕ್ಕಿದ. ಮರದ ಚೌಕಟ್ಟು ಬಿಗಿಯಲು ಗೋಡೆಯಲ್ಲಿ ನೆಟ್ಟಿದ್ದ ಬೋಲ್ಟುಗಳು ಸರೋವರದ ಕಡೆ ಹೊಸ ಕಾಂಕ್ರೀಟಿನಲ್ಲಿ ಹೂತುಹೋಗುತ್ತಿದ್ದವು. ಅವಕ್ಕೆ ಉದ್ದದ ನಟ್ಟು ಹಾಕಿ ಇನ್ನೊಂದು ತುಂಡು ಬೆಸೆದ. ಕೊನೆಗೆ ಗೋಡೆಯನ್ನು ನೆನೆಸಿ, ಗಂಜಿಯಂತೆ ಕಲಸಿದ ಸಿಮೆಂಟು ಬಳಿದು, ಅದು ಹಸಿಯಿರುವಾಗಲೇ ಸಣ್ಣ ಜಲ್ಲಿಯ ಕಾಂಕ್ರೀಟು ಸುರಿದು ಕರಣೆಯಿಂದ ಎಳೆದ. ಅಷ್ಟು ದಿನದಲ್ಲಿ ತೈಮಿ ಅತ್ತೆ ಒಮ್ಮೆಯೂ ಆ ಕಡೆ ಬರಲಿಲ್ಲ. ಮಾವ ರಸ್ತೆಯಲ್ಲಿ ಕಾರಿನ ಸದ್ದಾದಾಗಲೆಲ್ಲಾ ತಲೆಯೆತ್ತುತ್ತಿದ್ದ.

ಕಾಂಕ್ರೀಟು ಸುರಿದ ಮಧ್ಯಾಹ್ನವೇ ರೇಡಿಯೋದಲ್ಲಿ ಕೊರೆಯುವ ಚಳಿ ಬರುತ್ತದೆ ಅಂದರು. ಹಸಿ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿದರೆ ಎಲ್ಲಾ ಪುಡಿ. ಮಾವ ಟಾರ್ಪಾಲು ಹೊದಿಸಿ, ಮೇಲೆ ಒಣಹುಲ್ಲು ಹಾಕಿದ. ಹುಲ್ಲು ಅರ್ಧ ಪಾಯಕ್ಕೇ ಮುಗಿಯಿತು. ತನ್ನ ಮಂಚದ ಕಂಬಳಿ ತಂದ. ಅದೂ ಸಾಲಲಿಲ್ಲ. ಆಗ ತೈಮಿ ಅತ್ತೆಯ ಕಾರು ಬಂತು. ಹಿಂದಿನ ಸೀಟಿನ ತುಂಬಾ ಸುರುಳಿ ಸುತ್ತಿದ ನೆಲಹಾಸುಗಳು. ಕೆಂಪು, ನೀಲಿ, ಬೂದು ಪಟ್ಟೆಯವು.

ಮಾವ ಮುಟ್ಟಲಿಲ್ಲ. "ಇವು ಹೊಸಾವು."

"ಹೊಸಮನೆಗೆ ಅಂತ ನೇಯ್ದಿದ್ದು. ಇದೇ ತಾನೆ ಹೊಸಮನೆ? ಹಾಸು."

"ಹಾಳಾಗತ್ತೆ, ತೈಮಿ."

"ಮಾತು ಬಾರದೋನು ಈಗೆಲ್ಲಿ ಕಲಿತೆ? ಆ ತುದಿ ಹಿಡಿ."

ಇಬ್ಬರೂ ಎರಡು ತುದಿ ಹಿಡಿದು ಗೋಡೆಯುದ್ದಕ್ಕೂ ನೆಲಹಾಸು ಹೊದಿಸಿದರು. ಗಾಳಿಗೆ ಹಾರದಂತೆ ನಾನು ಕಲ್ಲು ಇಡುತ್ತಾ ಬಂದೆ.

ಬೆಳಿಗ್ಗೆ ಎದ್ದರೆ ಎಲ್ಲಾ ಬೆಳ್ಳಗಾಗಿತ್ತು. ನಾನು ಓಡಿದೆ. ಮಾವ ಸೌನಾದ ಬಾಗಿಲ ಮುಂದೆ ಬರಿದಲೆಯಲ್ಲಿ ನಿಂತಿದ್ದ. ಪಾಯದ ಕಡೆ ನೋಡುತ್ತಿರಲಿಲ್ಲ. ರಸ್ತೆಯ ಕಡೆ ನೋಡುತ್ತಿದ್ದ. ತೈಮಿ ಅತ್ತೆ ಬೂಟು ಹಾಕಿಕೊಂಡು ನಡೆದೇ ಬಂದರು. ಒಂದು ನೆಲಹಾಸು ಕೊಡವಿ, ಟಾರ್ಪಾಲಿನಡಿ ಕೈ ತೂರಿಸಿ ಕಾಂಕ್ರೀಟು ಮುಟ್ಟಿದರು.

"ಬೆಚ್ಚಗಿದೆ," ಅಂದರು.

"ತೈಮಿ, ಹಿಮ ಬಿದ್ದಿದೆ," ಅಂದ ಮಾವ.

"ಎಲ್ಲಿ?"

"ಎಲ್ಲಾ ಕಡೆ."

"ಇದು ಹಿಮ ಅಲ್ಲ. ಇಬ್ಬನಿ. ಸ್ವಲ್ಪ ಬೆಳ್ಳಗಿದೆ ಅಷ್ಟೆ."

ಮಾವ ಕೆಳಗೆ ನೋಡಿಕೊಂಡ. "ನನ್ನ ಪಾದ ಮುಳುಗಿದೆ."

"ಇಬ್ಬನಿ ಅಂದೆನಲ್ಲ, ವಿಲ್ಯೊ! ಕಾಫಿ ಇಡು ಹೋಗು."

ಮಾವ ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ. ಕಾಫಿಗೆ ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಆ ಹಿಮ, ಅಂದರೆ ಇಬ್ಬನಿ, ಮಧ್ಯಾಹ್ನಕ್ಕೆ ಕರಗಿತು. ಈಗ ಕಾಂಕ್ರೀಟು ಗಟ್ಟಿಯಾಗಿದೆ. ನಿನ್ನೆ ಪೈಪು ಹಿಡಿದು ನಾಲ್ಕೂ ಮೂಲೆ ನೋಡಿದೆವು. ನೀರು ಎಲ್ಲಾ ಕಡೆ ಗೋಡೆಯ ತಲೆಗೆ ಸಮನಾಗಿ ನಿಂತಿತು. ಮಾವ ಆಮೇಲೂ ಒಂದು ಲೋಟ ನೀರನ್ನು ಗೋಡೆಯ ಮೇಲೆ ಸುರಿದು, ಅದು ಎತ್ತಲೂ ಹೋಗದೆ ನಿಂತಿದ್ದನ್ನು ಕೂತು ನೋಡಿದ. ರೇನೊ ಮತ್ತು ಉಳಿದವರು ಬರುವ ಶನಿವಾರ ಚೌಕಟ್ಟು ಎಬ್ಬಿಸುತ್ತಾರೆ.

ನೆಲಹಾಸುಗಳಿಗೆಲ್ಲಾ ಹುಲ್ಲಿನ ಕಸ ಅಂಟಿದೆ, ಒಂದೆರಡಕ್ಕೆ ಸಿಮೆಂಟೂ ಮೆತ್ತಿದೆ. ನಾಳೆ ಬೆಳಿಗ್ಗೆ ನಾನು ಅವನ್ನು ಸರೋವರದ ದಡಕ್ಕೆ ಒಯ್ದು ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತೇನೆ.