ಕಂಬವಿಲ್ಲದ ಛಾವಣಿಯ ಕೆಳಗೆ

ನೆಲದಡಿ ಎಂದರೆ ಸಾಕು, ವಿಶಾಲಾಕ್ಷಿಯ ಜಂಘಾಬಲ ಉಡುಗುತ್ತಿತ್ತು. ಮೈಸೂರಿನ ಈ ಹೆಣ್ಣುಮಗಳು ಹುಟ್ಟಾ ಪುಕ್ಕಲಿಯೇನಲ್ಲ. ಆದರೆ ೨೦೧೧ರ ಮಹಾ ಭೂಕಂಪದ ದಿನ, ಟೋಕಿಯೋದ ಸುರಂಗದಲ್ಲಿ ನಿಂತುಹೋದ ಮೆಟ್ರೋದಲ್ಲಿ, ಹೊಟ್ಟೆಯೊಳಗಿನ ಕೂಸನ್ನು ಎರಡೂ ಕೈಯಲ್ಲಿ ಬಳಸಿಕೊಂಡು ಕೂತಿದ್ದಳು. ಆ ನಡುಕ ಅವಳನ್ನು ಬಿಡಲೇ ಇಲ್ಲ.

ಗಂಡ ಜಯಪ್ರಕಾಶ ಒಸಾಕಾಗೆ ವರ್ಗ ಮಾಡಿಸಿಕೊಂಡ. ಅಲ್ಲಾದರೂ ನೆಮ್ಮದಿ ಎಲ್ಲಿ? ಮಗಳು ಅಪೂರ್ವಾ ಒಂದನೇ ಕ್ಲಾಸಿಗೆ ಸೇರಿದಾಗ, ಮಕ್ಕಳು ತಾವೇ ನೆಲದಡಿಯ ಸಬ್‌ವೇ ರೈಲು ಹತ್ತಿ ಬರಲಿ, ಇಲ್ಲಿ ಅದೇ ರೂಢಿ ಎಂದಿತು ಶಾಲೆ. ಹೆದರುವವರ ಮೇಲೆ ಹಾವು ಎಸೆದ ಹಾಗಾಯಿತು.

ಸ್ಟೇಷನ್ ಮಾತ್ರ ಅರಮನೆಯಂಥದ್ದು. ೧೯೩೩ರಲ್ಲಿ, ಒಂಟಿ ಬೋಗಿ ಓಡುತ್ತಿದ್ದ ಕಾಲದಲ್ಲೇ, ಮುಂದೆ ಉದ್ದನೆಯ ರೈಲು ಬಂದೀತೆಂದು ನಂಬಿ ಕಟ್ಟಿದ ಪ್ಲಾಟ್‌ಫಾರ್ಮು. ಎತ್ತರದ ಕಮಾನು ಛಾವಣಿ, ಸಾಲುದೀಪ, ನಡುವೆ ಒಂದೂ ಕಂಬವಿಲ್ಲ. ಜನ ಬಾಯಿಬಿಟ್ಟು ನೋಡುತ್ತಿದ್ದರು. ವಿಶಾಲಾಕ್ಷಿಗೆ ಒಂದೇ ಚಿಂತೆ: ಕುಸಿದರೆ ಹಿಡಿಯುವುದಕ್ಕೆ ಕಂಬವೇ ಇಲ್ಲವಲ್ಲ!

"ಅಲ್ಲಾಡಿದ್ರೆ ಏನೂ ನೋಡ್ಬೇಡ ಪುಟ್ಟಾ, ಮೇಲಕ್ಕೆ ಓಡ್ಬಿಡು," ಎಂದು ದಿನಾ ಹೇಳಿ ಕಳಿಸುತ್ತಿದ್ದಳು. ಟೀಚರು ಕಲಿಸುತ್ತಿದ್ದುದು ಇದಕ್ಕೆ ತದ್ವಿರುದ್ಧ: ಓಡಬೇಡಿ, ತಲೆ ಮುಚ್ಚಿಕೊಂಡು ಇದ್ದಲ್ಲೇ ಕೂರಿ. ಅದನ್ನು ಈ ತಾಯಿ ಕಿವಿಗೇ ಹಾಕಿಕೊಂಡಿರಲಿಲ್ಲ.

೨೦೧೮ರ ಜೂನಿನ ಒಂದು ಬೆಳಿಗ್ಗೆ ಮಗಳನ್ನು ಸ್ಟೇಷನ್ನಿನ ಮೆಟ್ಟಿಲಿನವರೆಗೆ ಬಿಟ್ಟು ಹಿಂದಿರುಗುತ್ತಿದ್ದಳು. ರಸ್ತೆ ದಡದಡನೆ ಕುಲುಕಿತು. ಬಿದ್ದೆನೋ ಕೆಟ್ಟೆನೋ ಎಂದು ವಾಪಸ್ ಓಡಿದಳು. ಸ್ಟೇಷನ್ನಿನ ಬಾಯಲ್ಲಿ, ಮೇಲಿನ ಕಟ್ಟಡದ ಕಿಟಕಿಗಾಜು ಚೂರುಚೂರಾಗಿ ಬಿದ್ದಿತ್ತು. ತನ್ನ ಮಾತು ಕೇಳಿ ಮಗು ಇಲ್ಲಿಗೇ ಓಡಿ ಬಂದಿದ್ದರೆ? ಸುತ್ತ ನೋಡಿದಳು, ಅಪೂರ್ವಾ ಕಾಣಲಿಲ್ಲ.

ಕೆಳಗಿಳಿಯಲು ಕಾಲು ಒಪ್ಪಲಿಲ್ಲ. ಮೆಟ್ಟಿಲ ಪಕ್ಕದ ಕಂಬಿ ಹಿಡಿದು, ಮೇಲೆ ಬರುತ್ತಿದ್ದವರಿಗೆಲ್ಲ "ಸುಮಿಮಾಸೆನ್, ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತ, ಅಳುತ್ತ ಇಳಿದಳು.

ಪ್ಲಾಟ್‌ಫಾರ್ಮಿನ ಗೋಡೆಯ ಪಕ್ಕ, ಶಾಲೆಯ ಬ್ಯಾಗು ತಲೆಯ ಮೇಲೆ ಹಿಡಿದು ಅಪೂರ್ವಾ ಕೂತಿದ್ದಳು. ವಿಶಾಲಾಕ್ಷಿ ಅವಳನ್ನು ಬಾಚಿ ತಬ್ಬಿದಳು. ಅಷ್ಟರಲ್ಲೇ ನೆಲ ಮತ್ತೆ ನಡುಗಿತು.

"ಬಾ, ಓಡು!" ಎಂದು ಕೈ ಎಳೆದಳು.

"ಅಮ್ಮಾ, ನೋ! ಡೋಂಟ್ ರನ್! ಕೂತ್ಕೋ!"

ಮಗಳೇ ಜಗ್ಗಿ ಕೂರಿಸಿದಳು. ಆಮೇಲೆ ಬ್ಯಾಗನ್ನು ತನ್ನ ತಲೆಯ ಮೇಲಿಂದ ತೆಗೆದು ಅಮ್ಮನ ತಲೆಯ ಮೇಲೆ ಹಿಡಿದಳು. ಮಗುವಿನ ಬರಿದಾದ ನೆತ್ತಿಯನ್ನು ವಿಶಾಲಾಕ್ಷಿ ತನ್ನೆರಡೂ ಅಂಗೈಯಿಂದ ಮುಚ್ಚಿದಳು.