ಮೋಡೆಮ್ ಹಾಕುವ ಮೊದಲು ಒಂದು ಪ್ರಶ್ನೆ

ಕೆ.ಆರ್. ಪೇಟೆ ಕಡೆಯ ಒಂದು ಹಾಲಿನ ಕೇಂದ್ರದ ಸರ್ವರ್ ಕಂಪ್ಯೂಟರನ್ನು ನಾನು ಬಾಬುರಾಯನಕೊಪ್ಪಲಿನ ಮನೆಯಲ್ಲೇ ಕೂತು ನೋಡಿಕೊಳ್ಳುತ್ತೇನೆ. ಇಂಟರ್ನೆಟ್ ಕೈಕೊಟ್ಟಾಗ ಅಲ್ಲಿನ ಹಳೇ ಮೋಡೆಮ್ಮೇ ಗತಿ. ಅದರ ಲ್ಯಾಂಡ್‌ಲೈನಿಗೆ ಡಯಲ್ ಮಾಡಿದರೆ ಸಾಕು, ಸರ್ವರಿನ ಮುಂದೆಯೇ ಕೂತವನಂತೆ ಅದನ್ನು ರಿಪೇರಿ ಮಾಡಬಹುದು. ನಗುವವರು ನಗಲಿ, ನನ್ನ ಮಾನ ಉಳಿಸಿರುವುದು ಅದೇ.

ಆದರೆ ನಂಬರ್ ಗೊತ್ತಿದ್ದ ಯಾವನಾದರೂ ಹಾಗೆ ಒಳಗೆ ನುಗ್ಗಬಹುದಲ್ಲ? ಅದಕ್ಕೇ ಮೋಡೆಮ್ ಸದಾ ಆಫ್. ಬೇಕಾದಾಗ ಕೇಂದ್ರ ನೋಡಿಕೊಳ್ಳುವ ಅಣ್ಣನಿಗೆ ನಾನು ಫೋನ್ ಮಾಡಬೇಕು. ಅವರು, ಹೋದ ಸಲ ನಮ್ಮ ಮನೆಯಲ್ಲಿ ಏನು ಉಂಡಿರಿ ಎಂದು ಕೇಳಬೇಕು. ಮೂರು ಸಲ ತಪ್ಪಿದರೆ ಆವತ್ತು ಸ್ವಿಚ್ ಮುಟ್ಟಕೂಡದು. ಹೋದಾಗಲೆಲ್ಲ ಉಣ್ಣಿಸದೆ ಕಳಿಸುವವರಲ್ಲ ಅವರು. ಹೊರಗಿನವನಿಗೆ ಉತ್ತರ ಎಲ್ಲಿಂದ ಗೊತ್ತಾಗಬೇಕು? ಈ ಮಹಾ ಬುದ್ಧಿವಂತಿಕೆ ನನ್ನದೇ.

ಒಂದು ಸಂಜೆ ಜೆಸಿಬಿ ಕೇಂದ್ರದ ಇಂಟರ್ನೆಟ್ ಕೇಬಲ್ ಕಿತ್ತುಹಾಕಿತು. ಅದೇ ಹೊತ್ತಿಗೆ ಸರ್ವರ್ ಕೂಡ ಮಲಗಿತು. ಕಂಪ್ಯೂಟರಿಲ್ಲದೆ ಹಾಲಿನ ಪರೀಕ್ಷೆ ಆಗದು, ಪರೀಕ್ಷೆಯಿಲ್ಲದೆ ಕ್ಯಾನು ಇಳಿಸುವಂತಿಲ್ಲ. ಗೇಟಿನಲ್ಲಿ ಟೆಂಪೋಗಳು ಸಾಲುಗಟ್ಟಿದವು. ಇನ್ನರ್ಧ ಗಂಟೆ ಹೋದರೆ ಹತ್ತೂರಿನ ಹಾಲು ಒಡೆದು ಚರಂಡಿ ಪಾಲು.

ಅಣ್ಣನಿಗೆ ಫೋನ್ ಮಾಡಿದೆ. ಅವರು ಸಾವಧಾನವಾಗಿ ಪ್ರಶ್ನೆ ಕೇಳಿದರು. ಅವರೆಕಾಳು ಸಾರು, ಮುದ್ದೆ ಎಂದೆ. ಅಲ್ಲವಂತೆ. ಹುರುಳಿ ಬಸ್ಸಾರು ಎಂದೆ. ಅದೂ ಅಲ್ಲವಂತೆ. ನನಗೆ ರೇಗಿಹೋಯಿತು. ನನ್ನ ದನಿ ಗೊತ್ತಾಗುವುದಿಲ್ಲವೇ, ಮೊದಲು ಸ್ವಿಚ್ ಹಾಕಿ ಎಂದು ಕೂಗಾಡಿದೆ.

"ದನಿ ಗೊತ್ತು ಸಾ. ದನಿ ನಂಬ್ಬೇಡ ಅಂದೋರೂ ನೀವೇಯ. ಇನ್ನೊಂದೇ ಸಲ ಐತೆ, ನಿಧಾನುಕ್ಕೆ ಯೋಚ್ನೆ ಮಾಡಿ."

ಕೂತು ಯೋಚಿಸಿದೆ. ಹೋದ ಸಲ ನನಗೆ ನಾಗಮಂಗಲಕ್ಕೆ ಹೋಗುವ ಅವಸರ. ಅವರ ಹೆಂಡತಿ ಎಲೆ ಹಾಕಿ ಕರೆಯುತ್ತಿದ್ದರೂ, ಇನ್ನೊಂದು ದಿನ ಅಕ್ಕ ಎಂದು ಬೈಕ್ ಹತ್ತಿಬಿಟ್ಟಿದ್ದೆ. ಥೂ ನನ್ನ ಮರೆವಿಗಿಷ್ಟು.

"ಏನೂ ಉಣ್ಣಲಿಲ್ಲ ಕಣಣ್ಣ" ಎಂದೆ.

"ಅಂಗನ್ನಿ" ಎಂದವರೇ ಸ್ವಿಚ್ ಹಾಕಿದರು.

ಮೋಡೆಮ್ ಕಿರ್ರೆಂದು ಕಿರುಚಿ ದಾರಿ ಬಿಟ್ಟಿತು. ಐದು ನಿಮಿಷಕ್ಕೆ ಸರ್ವರ್ ಎದ್ದು ಕೂತಿತು. ಕ್ಯಾನುಗಳೆಲ್ಲ ಇಳಿದು ಹಾಲು ತಣ್ಣನೆಯ ಟ್ಯಾಂಕು ಸೇರಿದ ಮೇಲೆ ಅಣ್ಣನೇ ಫೋನ್ ಮಾಡಿದರು. ಒಂದು ತೊಟ್ಟೂ ಒಡೆದಿಲ್ಲವೆಂದು ಹೇಳಿ, ಮಾತು ಮುಂದುವರಿಸಿದರು.

"ಆವತ್ತು ನಿಮ್ಗೇಂತ ನಾಟಿ ಕೋಳಿ ಕುಯ್ಸಿದ್ದೊ ಸಾ. ನೀವು ಓದ್ಮೇಲೆ ಇವ್ಳೂ ಉಣ್ಲಿಲ್ಲ."

ಭಾನುವಾರ ಹೊಟ್ಟೆ ಖಾಲಿ ಇಟ್ಟುಕೊಂಡು ಅವರ ಮನೆಗೆ ಹೋದೆ.