ಬುಧವಾರದ ಏಕಾದಶಿ

ಮದರಾಸಿನಲ್ಲಿ ನನ್ನಿಂದ ಏಮಾರದವರು ಕಡಿಮೆ. ವಡಪಳನಿಯ ಸ್ಟುಡಿಯೋಗಳಲ್ಲಿ ಮೂವತ್ತು ವರ್ಷ ನಾಯಿ ಬೊಗಳಿದ್ದು, ಕೂಸು ಅತ್ತದ್ದು, ಜನ ಜೈಕಾರ ಕೂಗಿದ್ದು ಎಲ್ಲ ನನ್ನ ಗಂಟಲೇ. ಒಮ್ಮೆ ನಿರ್ಮಾಪಕರ ದನಿಯಲ್ಲಿ ಫೋನ್ ಮಾಡಿ ಇಡೀ ಯೂನಿಟ್ಟಿಗೆ ಮಧ್ಯಾಹ್ನದ ರಜಾ ಕೊಡಿಸಿದ್ದೆ. ಇಂಥ ನನ್ನ ಮುಂದೆ ಅಡ್ಯಾರಿನ ಆಸ್ಪತ್ರೆಯವರು ಅಂಗೈಯಗಲದ ಒಂದು ಯಂತ್ರ ಇಟ್ಟು, ‘ಇದರ ಹತ್ರ ಸುಳ್ಳು ನಡೆಯಲ್ಲ’ ಅಂದರೆ ಸುಮ್ಮನಿರಲಾಗುತ್ತದೆಯೇ?

ಅಲ್ಲಿಗೆ ಹೋದದ್ದು ನನಗಾಗಿ ಅಲ್ಲ, ಗೆಳೆಯನಿಗಾಗಿ. ಅವನು ಸೆಟ್ಟಿನ ಪರದೆಗಳಿಗೆ ಆಕಾಶ, ಬೆಟ್ಟ ಬರೆಯುತ್ತಿದ್ದವನು. ಮೈಲಾಪೂರಿನಲ್ಲಿ ನಮ್ಮದು ಪಕ್ಕಪಕ್ಕದ ಬೀದಿ. ಇಬ್ಬರದೂ ಮೂರು ತಲೆಮಾರಿನಿಂದ ಇಲ್ಲೇ ಇರುವ ಮಾಧ್ವರ ಮನೆ. ಊಟದ ಬಿಡುವಿನಲ್ಲಿ ಅವನು ಬರೆದ ಬೆಟ್ಟದ ಹಿಂದೆ ಕೂತು, ಸಿಗರೇಟಿನ ಹೊಗೆಸೊಪ್ಪು ಅಂಗೈಗೆ ಉದುರಿಸಿ, ಗಾಂಜಾ ಬೆರೆಸಿ, ಮತ್ತೆ ತುಂಬಿ ಸೇದುತ್ತಿದ್ದೆವು. ನನಗೆ ಕೆಮ್ಮು ಬಂತು, ಅಷ್ಟೇ. ಅವನಿಗೆ ಎಡಗಾಲಿನ ರಕ್ತನಾಳ ಮುಚ್ಚಿಕೊಂಡು ಹೆಬ್ಬೆರಳು ಕಪ್ಪಾಯಿತು. ಹೊಗೆ ಪೂರ್ತಿ ನಿಂತರೆ ಕಾಲು ಉಳಿದೀತು, ಇಲ್ಲದಿದ್ದರೆ ಇಲ್ಲ ಎಂದರು ಡಾಕ್ಟರು. ಗಾಂಜಾ, ಹೊಗೆಸೊಪ್ಪು ಎರಡನ್ನೂ ಒಟ್ಟಿಗೆ ಬಿಡಿಸಲು ಬರುತ್ತದೆಯೇ ಎಂದು ನೋಡುವ ಸಂಶೋಧನೆಗೆ ಅವನ ಹೆಸರು ಬರೆದರು. ಒಬ್ಬನೇ ಹೋಗಲು ನಾಚಿಕೆ ಅವನಿಗೆ. ‘ನೀನೂ ಬಾರೋ’ ಎಂದ. ನಾನೂ ಹೆಸರು ಕೊಟ್ಟೆ.

ನಮ್ಮನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಕನ್ನಡದ ಮನೆಯವಳೇ. ಆದರೆ ಓದಿದ್ದೆಲ್ಲ ಇಲ್ಲಿ.

“ತಾತಾ, ನೀವು ಎರಡನ್ನೂ ಒಂದೇ ಪೇಪರ್‌ಲಿ ಸುತ್ತಿದೀರ. ಒಂದ್ ಬಿಟ್ಟು ಇನ್ನೊಂದ್ ಇಟ್ಕೊಂಡ್ರೆ ಅದು ಇದನ್ನ ಕೂಪ್ಪಿಡತ್ತೆ.”

“ಕೂಪ್ಪಿಡತ್ತೆ ಅಲ್ಲಮ್ಮಾ, ಕರಿಯತ್ತೆ. ಮೊದಲು ನೀನು ತಮಿಳು ಬಿಡು, ಆಮೇಲೆ ನಾವು ಗಾಂಜಾ ಬಿಡ್ತೀವಿ.”

“ಸರಿ ತಾತಾ, ಡೀಲ್!” ಎಂದು ನಕ್ಕಳು.

ಪ್ರತಿ ಗುರುವಾರ ಪರೀಕ್ಷೆ. ಗಾಂಜಾಕ್ಕೆ ಮೂತ್ರ, ಸಿಗರೇಟಿಗೆ ಉಸಿರು. ಉಸಿರು ಬಿಗಿಹಿಡಿದು ಕಾಗದದ ಕೊಳವೆಗೆ ಊದಿದರೆ, ಸೇದಿದವರಿಗೆ ಯಂತ್ರದಲ್ಲಿ ಅಂಕಿ ಏರುತ್ತದೆ. ಗಾಂಜಾದ ಗುರುತು ಮೂತ್ರದಲ್ಲಿ ವಾರಗಟ್ಟಲೆ ಉಳಿಯುತ್ತದಂತೆ, ಅಲ್ಲಿ ನನ್ನ ಆಟ ನಡೆಯಲಿಲ್ಲ. ಅದನ್ನು ಇಬ್ಬರೂ ನಿಜವಾಗಿಯೇ ಬಿಟ್ಟೆವು. ಸಿಗರೇಟು ಬಿಡಲು ಅವನಿಂದ ಆಗಲಿಲ್ಲ, ನನಗೆ ಬಿಡುವ ಮನಸ್ಸೇ ಇರಲಿಲ್ಲ. ಅಂಕಿ ಏರಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದ. “ಪರವಾಗಿಲ್ಲ ತಾತಾ, ಸೇದಿದ್ರೆ ಸೇದಿದೆ ಅನ್ನಿ. ಎಂಟನೇ ವಾರಕ್ಕೂ ನಿಲ್ಲದವರಿಗೆ ಬೇರೆ ಮಾತ್ರೆ ಇದೆ, ದಿನಾ ಕೂತು ಮಾತಾಡ್ತೀವಿ,” ಎನ್ನುತ್ತಿದ್ದಳು ಆಕೆ.

ಸಿಗರೇಟಿನ ಹೊಗೆ ಉಸಿರಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ನಾನು ಆಕೆಯ ಬಾಯಿಂದಲೇ ಹೊರಡಿಸಿದೆ. ಬಸ್‌ಸ್ಟಾಪಿನಲ್ಲಿ ಅವನಿಗೆ ಉಪದೇಶ ಮಾಡಿದೆ.

“ಲೇ, ಬುಧವಾರ ನಮಗೆ ಏಕಾದಶಿ. ಒಂದು ದಮ್ಮೂ ಇಲ್ಲ. ಗುರುವಾರ ಊದಿಬಿಟ್ಟು ಬಂದು ಪಾರಣೆ.”

“ಮಿಕ್ಕ ದಿನ?”

“ಏಕಾದಶಿ ಮಾಡೋರು ಮಿಕ್ಕ ದಿನ ಊಟ ಬಿಡ್ತಾರೇನೋ?”

“ಕಾಲು ಕಣೋ ಇದು.”

“ನಂಬರ್ ಇಳೀಲಿ, ನಿಂಗೂ ಧೈರ್ಯ ಬರತ್ತೆ. ಆಮೇಲೆ ತಾನಾಗೇ ಬಿಡ್ತೀಯ.”

ಹುಟ್ಟಿದಾಗಿನಿಂದ ತಿಂಗಳಿಗೆರಡು ದಿನ ಹೊಟ್ಟೆ ಕಟ್ಟಿ, ಮರುದಿನ ಬೆಳಗ್ಗೆ ಅಗಸೆಸೊಪ್ಪಿನ ಪಲ್ಯಕ್ಕೆ ಮುಗಿಬೀಳುವವರು ನಾವು. ಒಂದು ದಿನ ತಡೆಯುವುದು ನಮ್ಮ ರಕ್ತದಲ್ಲಿದೆ. ಅವನು ಬುಧವಾರವಿಡೀ ಲವಂಗ ಅಗಿಯುತ್ತ ಕೂರುತ್ತಿದ್ದ. ಗುರುವಾರ ಅಂಕಿ ಇಳಿಯುತ್ತಿತ್ತು. ಹುಡುಗಿ ಚಪ್ಪಾಳೆ ತಟ್ಟುತ್ತಿದ್ದಳು. ಗೇಟಿನ ಆಚೆ ಹುಣಸೆಮರದ ಕೆಳಗೆ ನಮ್ಮ ಪಾರಣೆ. ಆ ಯಂತ್ರವನ್ನು ಸೋಲಿಸಿದ ಕಥೆಯನ್ನು ನಾನು ಟೀ ಅಂಗಡಿಯಲ್ಲಿ ಅಭಿನಯಿಸಿ ತೋರಿಸುತ್ತಿದ್ದೆ. ಯಂತ್ರದ ಕೀಂಕೀಂ ಸದ್ದನ್ನೂ ಬಿಡದೆ.

ಎಂಟನೇ ವಾರ ನಮ್ಮಿಬ್ಬರನ್ನೂ ಸೇದುವುದು ಬಿಟ್ಟವರ ಪಟ್ಟಿಗೆ ಸೇರಿಸಿದರು. ಅವನಿಗೆ ಮಾತ್ರೆಯೂ ಇಲ್ಲ, ದಿನದ ಮಾತೂ ಇಲ್ಲ. ತಿಂಗಳಿಗೊಂದು ಫೋನು. ಕಾಲಿನ ಡಾಕ್ಟರು ಆ ವರದಿಯನ್ನೇ ನಂಬಿ, ಹೊಗೆ ನಿಂತರೂ ಗಾಯ ಯಾಕೆ ಮಾಯುತ್ತಿಲ್ಲವೆಂದು ಔಷಧಿ ಬದಲಿಸಿ ಬದಲಿಸಿ ನೋಡಿದರು. ಕಪ್ಪು ಪಾದಕ್ಕೆ ಏರಿತು. ಮೊಣಕಾಲಿನ ಕೆಳಗೆ ಕತ್ತರಿಸಿದರು.

ವಾರ್ಡಿನ ಬಾಗಿಲಲ್ಲಿ ಅವನ ಹೆಂಡತಿ ಫ್ಲಾಸ್ಕ್ ಹಿಡಿದು ನಿಂತಿದ್ದಳು. “ಅಣ್ಣಾ, ಇವರು ಬಿಟ್ಟಿದ್ರಲ್ಲಾ? ಬಿಟ್ಟೂ ಹೀಗಾಯ್ತಲ್ಲಾ?” ಎಂದಳು. ನಾನು ಅವಳ ಕೈಯಿಂದ ಫ್ಲಾಸ್ಕ್ ಇಸಿದುಕೊಂಡು ಕಾಫಿ ತರಲು ಕೆಳಗಿಳಿದೆ.

ಮರುದಿನ ಅಡ್ಯಾರಿಗೆ ಹೋಗಿ ಹುಡುಗಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು.

“ಪ್ರತಿ ಬುಧವಾರ ಅವರು ಒಂದೂ ಸೇದ್ತಿರಲಿಲ್ವಾ ತಾತಾ? ನಿಜವಾಗ್ಲೂ?”

“ಒಂದೂ ಇಲ್ಲ.”

“ಒಂದು ದಿನ ಪೂರ್ತಿ ಇರಕ್ಕೆ ಆಗ್ತಿತ್ತು ಅಂದ್ರೆ… ನನ್ನತ್ರ ಹೇಳಿದ್ರೆ ಅದನ್ನ ಎರಡು ದಿನ ಮಾಡ್ತಿದ್ದೆ. ಆಮೇಲೆ ಮೂರು. ಅದೇ ನನ್ನ ಕೆಲಸ.”

ಗುರುವಾರದ ಅಂಕಿಗಳನ್ನು ಬರೆದಿದ್ದ ನಮ್ಮಿಬ್ಬರ ಹಾಳೆಗಳ ಮೇಲೂ ಅಡ್ಡಗೆರೆ ಎಳೆದಳು. ಆ ಗೆರೆಯ ಸದ್ದನ್ನು ಅಭಿನಯಿಸು ಅಂದರೆ ನನಗೆ ಬರುವುದಿಲ್ಲ.

ಅವನಿಗೂ ನಾನೇ ಹೇಳಿದೆ, ನಿನ್ನ ಕಾಲು ತೆಗೆದದ್ದು ನಾನು ಎಂದು. ಅವನು ಹೊದಿಕೆಯ ಕೆಳಗೆ ಕಾಲಿಲ್ಲದ ಜಾಗ ನೋಡುತ್ತಿದ್ದ.

“ಊದಿದ್ದು ನಾನಲ್ವೇನೋ,” ಎಂದ. “ಇನ್ನೊಂದು ಕಾಲಲ್ಲೂ ನೋವು ಶುರುವಾಗಿದೆ. ಆ ಹುಡುಗಿ ಮತ್ತೆ ಬನ್ನಿ ಅಂದಿದಾಳೆ. ಮೊದಲನೇ ದಿನದಿಂದ.”

“ಆಟೋ ನಾನು ತರ್ತೀನಿ ಬಿಡು. ಗುರುವಾರ ತಾನೆ?”

“ನೀನು ಬರಬೇಡ.”

ಐವತ್ತು ವರ್ಷದಲ್ಲಿ ಅವನು ನನಗೆ ಬೇಡ ಎಂದದ್ದು ಅದೇ ಮೊದಲು. ನಾನು ನಕ್ಕೆ. ಅವನು ನಗಲಿಲ್ಲ.

ಈಗ ಗುರುವಾರ ಅವನ ಹೆಂಡತಿ ಅವನನ್ನು ಆಟೋಗೆ ಹತ್ತಿಸುತ್ತಾಳೆ. ಊರುಗೋಲನ್ನು ಒಳಗೆ ಅಡ್ಡ ಇಡಲು ಅವಳಿಗೆ ಕಷ್ಟ. ನಾನು ಬೀದಿಯ ಈ ತುದಿಯಿಂದ ನೋಡುತ್ತ ನಿಲ್ಲುತ್ತೇನೆ. ಕಳೆದ ವಾರ ತಡೆಯಲಾರದೆ, ವಾಪಸು ಬಂದ ಮೇಲೆ ಅವರ ಮನೆಯ ಮೆಟ್ಟಿಲವರೆಗೂ ಹೋಗಿ, “ನಂಬರ್ ಎಷ್ಟು ಬಂತೋ?” ಎಂದು ಕೇಳಿದೆ.

“ಬಂದಷ್ಟು ಬಂತು,” ಎಂದ. ಹೆಂಡತಿಯ ಹೆಗಲು ಹಿಡಿದು ಒಂಟಿ ಕಾಲಿನಲ್ಲಿ ಮೆಟ್ಟಿಲು ಹತ್ತಿ ಒಳಗೆ ಹೋದ.